ಸ್ಕಾರ್‌ಬರೋದಲ್ಲಿ ನಾನು ಹೇಳಿಕೊಟ್ಟ ಚೌಕಾಸಿ

ಹೋದ ತಿಂಗಳು ಹೈದರಾಬಾದಿನಿಂದ ಬಂದಿದ್ದ ಇಬ್ಬರು ಗಿರಾಕಿಗಳು ಸೀರೆ ಆರಿಸಿ ಮುಗಿಸಿದ ಮೇಲೆ ಕೃಷ್ಣೆಯ ಜೂರಾಲ ಡ್ಯಾಮು ನೋಡಬೇಕು ಅಂದರು. ಮೇಲೆ ಮಳೆ ಚೆನ್ನಾಗಿ ಆಗಿ ಡ್ಯಾಮಿನ ಗೇಟು ಎತ್ತಿದ್ದರು. ದೊಡ್ಡ ಗಿರಾಕಿ ಏನು ಕೇಳಿದರೂ ಇಲ್ಲ ಅನ್ನಬಾರದು ಎಂಬುದು ನನ್ನ ದಂಧೆಯ ಮೊದಲ ಪಾಠ. ಮಕ್ತಲ್‌ನ ಅಂಗಡಿಗೆ ಬೀಗ ಹಾಕಿ ನಾನೇ ಕರಕೊಂಡು ಹೋದೆ. ಅಲ್ಲಿ ರಸ್ತೆಯ ಬದಿಗೆ ಸಾಲಾಗಿ ಮೀನು ಕರಿಯುವ ಅಂಗಡಿಗಳು. ನಾವು ಲಿಂಗ ಕಟ್ಟಿದ ಮಂದಿ, ಅಂಥ ಕಡೆ ಮೂಗಿಗೆ ಟವೆಲ್ ಹಿಡಿದು ಸರಸರ ದಾಟುವವರು. ಆ ದಿನ ಮಾತ್ರ ನನ್ನ ಕಾಲು ನಿಂತುಬಿಟ್ಟಿತು. ಕರಿದ ಮೀನಿನ ವಾಸನೆ, ಅದರ ಜೊತೆಗೆ ಗೇಟಿನ ಕಡೆಯಿಂದ ಹಾರಿ ಬರುವ ತಣ್ಣನೆಯ ಹನಿ, ಎರಡೂ ಕೂಡಿ ಮುಖಕ್ಕೆ ಬಡಿದವು. ಸಾಹುಕಾರ್ರಿಗೆ ತಿನ್ನೋ ಮನಸ್ಸಾಗಿದೆ ಅಂತ ಗಿರಾಕಿಯೊಬ್ಬ ಚೇಷ್ಟೆ ಮಾಡಿದ. ವ್ಯಾಪಾರಿಯಾದವನು ಗಿರಾಕಿಯ ಚೇಷ್ಟೆಗೆ ನಗಬೇಕು. ನನಗೆ ನಗಲು ಆಗಲಿಲ್ಲ. ಇದೇ ವಾಸನೆಯನ್ನು, ಇದೇ ತಣ್ಣನೆಯ ಹನಿಯನ್ನು ಎರಡು ವರ್ಷದ ಹಿಂದೆ ಸ್ಕಾರ್‌ಬರೋದಲ್ಲಿ ಒಂದು ಇಡೀ ಬೇಸಿಗೆ ಮುಖದ ಮೇಲೆ ಹೊತ್ತು ತಿರುಗಿದ್ದೆ. ಆ ಬೇಸಿಗೆಯಲ್ಲಿ ನನ್ನ ತಂಗಿಯ ಬಾಳನ್ನು ನಾನೇ, ನನ್ನ ಬುದ್ಧಿವಂತಿಕೆಯಿಂದಲೇ, ಕೈಯಾರೆ ಮುರಿದೆ.

ಸ್ಕಾರ್‌ಬರೋ ಇಂಗ್ಲೆಂಡಿನ ಮೂಡಣ ದಂಡೆಯ ಮೇಲಿರುವ ಊರು. ತಂಗಿ ಶರಣಮ್ಮ ಅಲ್ಲಿ ಮುದುಕರನ್ನು ನೋಡಿಕೊಳ್ಳುವ ಮನೆಯೊಂದರಲ್ಲಿ ಕೆಲಸಕ್ಕಿದ್ದಳು. ನರ್ಸಿಂಗ್ ಕಲಿತ ಹುಡುಗಿ. ನಾರಾಯಣಪೇಟೆಗೆ ಕೊಟ್ಟಿದ್ದೆವು. ಆ ಮನೆಯವರು ಕೆಟ್ಟವರೆಂದು ಯಾರೂ ಹೇಳಲಾರರು. ಹೊಡೆಯಲಿಲ್ಲ, ಬೈಯಲಿಲ್ಲ. ಕೆಲಸ ಬಿಡಿಸಿ, ಅವಳ ಸರ್ಟಿಫಿಕೇಟನ್ನು ಅತ್ತೆಯ ಟ್ರಂಕಿನಲ್ಲಿ ಇಟ್ಟು ಕೀಲಿ ಹಾಕಿದರು, ಅಷ್ಟೆ. ಆರು ವರ್ಷ ಸುಮ್ಮನಿದ್ದು, ಒಂದು ಮಧ್ಯಾಹ್ನ ಅವಳು ಆ ಟ್ರಂಕು ತೆಗೆದು, ಒಡವೆ ಬಟ್ಟೆ ಯಾವುದನ್ನೂ ಮುಟ್ಟದೆ, ಆ ಕಾಗದವೊಂದನ್ನೇ ಹಿಡಿದು ಮಕ್ತಲ್ ಬಸ್ಸು ಹತ್ತಿ ನನ್ನ ಅಂಗಡಿ ಮುಂದೆ ಇಳಿದಳು. ರಾಯಚೂರಿನ ದವಾಖಾನೆಯಲ್ಲಿ ದುಡಿದಳು, ಇಂಗ್ಲಿಷ್ ಪರೀಕ್ಷೆ ಕಟ್ಟಿ ಪಾಸು ಮಾಡಿದಳು, ಹೋದಳು. ಫೋನಿನಲ್ಲಿ ಒಂದೇ ಮಾತನ್ನು ತಿರುಗಿ ತಿರುಗಿ ಹೇಳುತ್ತಿದ್ದಳು: “ಅಣ್ಣಾ, ಇಲ್ಲಿ ಯಾರೂ ನನ್ನ ಯಾರ ಹೆಂಡ್ತಿ ಅಂತ ಕೇಳಂಗಿಲ್ಲ.”

ಮೂರನೆಯ ವರ್ಷ, ನೀನೊಮ್ಮೆ ಬಂದು ಸಮುದ್ರ ನೋಡಲೇಬೇಕು ಎಂದು ಹಟ ಹಿಡಿದಳು. ನಾನು ಹದಿನಾರನೆಯ ವಯಸ್ಸಿಗೆ ಗದ್ವಾಲದ ಮಗ್ಗದ ಮನೆಗಳಿಂದ ಸೀರೆಯ ಗಂಟು ತಂದು ಸೈಕಲ್ಲಿಗೆ ಕಟ್ಟಿ ಊರೂರು ಮಾರಿದವನು. ಸುಮ್ಮನೆ ನೋಡಲು ಎಲ್ಲಿಗೂ ಹೋದವನಲ್ಲ. ಆದರೆ ಲೀಡ್ಸ್ ಎಂಬ ಊರಲ್ಲಿ ತೆಲುಗರು ಬಹಳ ಇದ್ದಾರೆ, ಹಬ್ಬಕ್ಕೆ ಗದ್ವಾಲ ಸೀರೆ ಹುಡುಕುತ್ತಾರೆ ಅಂತ ಕೇಳಿದ್ದೆ. ಮಾರ್ಕೆಟ್ಟೂ ನೋಡಿದಂತಾಯಿತು, ತಂಗಿಯನ್ನೂ ನೋಡಿದಂತಾಯಿತು ಎಂದು ಲೆಕ್ಕ ಹಾಕಿ ಮೇ ತಿಂಗಳಲ್ಲಿ ವಿಮಾನ ಹತ್ತಿದೆ. ನಮ್ಮಲ್ಲಿ ಬಿಸಿಲು ತಲೆ ಸುಡುತ್ತಿತ್ತು. ಅಲ್ಲಿ ಇಳಿದರೆ, ಬೇಸಿಗೆ ಅಂತ ಅವರು ಕರೆಯುವುದು ನಮ್ಮ ಧನುರ್ಮಾಸದ ಬೆಳಗಿಗಿಂತ ತಣ್ಣಗಿತ್ತು.

ಸಮುದ್ರ ನೋಡಿದ್ದು ಅದೇ ಮೊದಲು. ನನಗೆ ನೀರು ಅಂದರೆ ಕೃಷ್ಣೆ. ಒಂದು ಕಡೆಯಿಂದ ಬಂದು ಇನ್ನೊಂದು ಕಡೆಗೆ ಹೋಗುವುದು. ಇದು ಎಲ್ಲಿಗೂ ಹೋಗುತ್ತಿರಲಿಲ್ಲ. ಬೆಳಗ್ಗೆ ಗೋಡೆಗೆ ಬಡಿಯುತ್ತಿತ್ತು, ಮಧ್ಯಾಹ್ನ ನೋಡಿದರೆ ಅರ್ಧ ಮೈಲು ಹಿಂದೆ ಸರಿದು ಹಸಿ ಮರಳು ಬಿಟ್ಟಿರುತ್ತಿತ್ತು. ಊರಿನ ನಡುವೆ ಸಮುದ್ರಕ್ಕೆ ಚಾಚಿದ ಗುಡ್ಡ, ಅದರ ತಲೆಯ ಮೇಲೆ ಮುರಿದ ಕೋಟೆ, ಎರಡೂ ಮಗ್ಗಲಿಗೆ ಎರಡು ದಂಡೆ. ಗದ್ವಾಲದ ಕೋಟೆಯೊಳಗೆ ಗುಡಿಯಿದೆ, ಕಾಲೇಜಿದೆ, ಮಂದಿ ಓಡಾಡುತ್ತಾರೆ. ಇಲ್ಲಿಯ ಕೋಟೆಯಲ್ಲಿ ಗಾಳಿ ಬಿಟ್ಟರೆ ಏನೂ ಇಲ್ಲ, ಆ ಗಾಳಿಗೂ ಟಿಕೆಟ್ಟು. ಗುಡ್ಡದ ಮೇಲಿನ ಬೀದಿಯಿಂದ ಕೆಳಗಿನ ದಂಡೆಗೆ ಇಳಿಸಲು ಹಳಿ ಮೇಲೆ ಎರಡು ಡಬ್ಬಿಗಳು, ಬಾವಿಯ ರಾಟೆಗೆ ಎರಡು ಕೊಡ ಕಟ್ಟಿದ ಹಾಗೆ ಒಂದು ಇಳಿದರೆ ಒಂದು ಏರುತ್ತದೆ. ಮರಳಿನ ಮೇಲೆ ಕತ್ತೆಗಳು. ನಮ್ಮ ಕಡೆ ಅಗಸರ ಗಂಟು ಹೊರುವ ಕತ್ತೆಯ ಮೇಲೆ ಇಲ್ಲಿ ಸಾಹೇಬರ ಮಕ್ಕಳು ದುಡ್ಡು ಕೊಟ್ಟು ಕೂಡುತ್ತಾರೆ. ನಮ್ಮಲ್ಲಿ ತಪ್ಪು ಮಾಡಿದವನನ್ನು ಕತ್ತೆ ಮೇಲೆ ಕೂಡಿಸುತ್ತಿದ್ದರು, ಇಲ್ಲಿ ಪುಣ್ಯ ಮಾಡಿದವರನ್ನು ಕೂಡಿಸುತ್ತಾರೆ ಅಂದೆ. ಶರಣಿ ರಸ್ತೆಯಲ್ಲೇ ಹೊಟ್ಟೆ ಹಿಡಿದು ನಕ್ಕಳು. ಅವಳು ಹಾಗೆ ನಕ್ಕಿದ್ದನ್ನು ನಾನು ಮದುವೆಗೆ ಮುಂಚೆ ನೋಡಿದ್ದೆ.

ಬೀದಿಗೊಂದು ಮೀನಿನಂಗಡಿ. ಮೀನು ಬೇಡ, ಆಲೂಗಡ್ಡೆಯ ಹೋಳು ತಿನ್ನಬಹುದಲ್ಲ ಅಂತ ನಾನು ಸಾಲಿನಲ್ಲಿ ನಿಂತರೆ ಅವಳು ತೋಳು ಹಿಡಿದು ಎಳೆದಳು. ಆ ಕಡೆಯ ಅಂಗಡಿಗಳಲ್ಲಿ ಬಹಳ ಮಟ್ಟಿಗೆ ದನದ ಕೊಬ್ಬಿನಲ್ಲೇ ಕರಿಯುತ್ತಾರಂತೆ. ಎಣ್ಣೆಯಲ್ಲಿ ಕರಿಯುವ ಒಂದೇ ಒಂದು ಅಂಗಡಿ ಹುಡುಕಿಟ್ಟಿದ್ದಳು. ನಿಮಗೂ ಹೇಳಿರುತ್ತೇನೆ, ಆ ಕಡೆ ಹೋದರೆ ಯಾವುದರಲ್ಲಿ ಕರಿಯುತ್ತೀರಿ ಅಂತ ಮೊದಲು ಕೇಳಿರಿ. ಬಣ್ಣಬಣ್ಣದ ದೀಪದ ಆಟದ ಮಿಷಿನ್ನುಗಳ ಹತ್ತಿರವಂತೂ ಹೋಗಬೇಡಿರಿ. ಗಾಜಿನೊಳಗೆ ನಾಣ್ಯದ ಗುಡ್ಡೆ ಈಗ ಬಿತ್ತು ಆಗ ಬಿತ್ತು ಅನ್ನುವ ಹಾಗೆ ಜೋತು ನಿಂತಿರುತ್ತದೆ. ಎರಡು ತಾಸು ನಿಂತು ನೋಡಿದ್ದೇನೆ, ಬೀಳುವುದಿಲ್ಲ.

ಊರಿನ ಚರಿತ್ರೆಯನ್ನು ನನಗೆ ಹೇಳಿದವಳು ಡೋರತಿ. ಶರಣಿಯ ಕೆಲಸದ ಮನೆಯಲ್ಲಿದ್ದ ಮುದುಕಿ, ಗಾಲಿಕುರ್ಚಿ ಬಿಟ್ಟು ಏಳುತ್ತಿರಲಿಲ್ಲ. ರಜೆಯ ದಿನವೂ ಶರಣಿ ಅವಳನ್ನು ದಂಡೆಗೆ ಕರೆದೊಯ್ಯುತ್ತಿದ್ದಳು, ಕುರ್ಚಿ ನೂಕುವ ಕೆಲಸ ನನ್ನದು. ಡೋರತಿ ಹೇಳುವುದನ್ನು ಶರಣಿ ನನಗೆ ಕನ್ನಡದಲ್ಲಿ ತಿರುಗಿಸಿ ಹೇಳುವಳು. ನಾನೂರು ವರ್ಷದ ಹಿಂದೆ ಒಬ್ಬ ಹೆಂಗಸಿಗೆ ಈ ಗುಡ್ಡದ ಬುಡದಲ್ಲಿ ಕಲ್ಲಿಗೆ ಕೆಂಪು ಬಳಿಯುವ ಕಹಿ ನೀರು ಕಂಡಿತಂತೆ. ಕುಡಿದರೆ ರೋಗ ಹೋಗುತ್ತದೆ ಎಂದು ಸುದ್ದಿ ಹಬ್ಬಿ ಶ್ರೀಮಂತರು ಬಂದರು. ಆಮೇಲೆ ಡಾಕ್ಟರುಗಳು ಕುಡಿದರೆ ಸಾಲದು, ಸಮುದ್ರದಲ್ಲಿ ಮುಳುಗಬೇಕು ಅಂದರು. ಗಾಲಿ ಹಚ್ಚಿದ ಕಟ್ಟಿಗೆಯ ಕೋಣೆಯೊಳಗೆ ಹೆಂಗಸರನ್ನು ಕೂಡಿಸಿ, ಕುದುರೆ ಹೂಡಿ, ಯಾರೂ ನೋಡದಂತೆ ನೀರಿನವರೆಗೆ ಎಳೆದೊಯ್ದು ಮುಳುಗಿಸುತ್ತಿದ್ದರಂತೆ. ಆಮೇಲೆ ರೈಲು ಬಂತು. ರೈಲಿನ ಜೊತೆ ಮಿಲ್ಲಿನ ಕೂಲಿಗಳು ಬಂದರು.

ಡೋರತಿಯೂ ಮಿಲ್ಲಿನವಳೇ. ಮಿಲ್ಲು ಅಂದ ಕೂಡಲೇ ನಾನು ಜಗಳಕ್ಕೆ ತಯಾರಾದೆ. ನಿಮ್ಮ ಮಿಲ್ಲಿನ ಬಟ್ಟೆ ಬಂದು ನಮ್ಮ ಮಗ್ಗದವರ ಹೊಟ್ಟೆ ಹೊಡೀತು ಅಂತ ಕೇಳು ಅಂದೆ. ಶರಣಿ ಕೇಳಿದಳು. ಮುದುಕಿ ತಲೆಯಾಡಿಸಿ, ಅದು ಹತ್ತಿಯ ಮಿಲ್ಲಿನವರು, ಬೇರೆ ಊರು, ನಮ್ಮದು ಉಣ್ಣೆ ಅಂದಳು. ಹತ್ತಿಯವರನ್ನು ಕಂಡರೆ ತನಗೂ ಆಗುತ್ತಿರಲಿಲ್ಲವಂತೆ. ನೇಯ್ದು ಬಂದ ಬಟ್ಟೆಯ ಮೇಲೆ ಬೆರಳಾಡಿಸಿ ಗಂಟು ಹುಡುಕಿ ತೆಗೆಯುವ ಕೆಲಸ ಅವಳದು. ವರ್ಷಕ್ಕೆ ಒಂದು ವಾರ ಮಿಲ್ಲು ಮುಚ್ಚುವರು, ಇಡೀ ಊರಿಗೆ ಊರೇ ರೈಲು ಹತ್ತಿ ಇಲ್ಲಿಗೆ ಬರುವುದು. ಖಾನಾವಳಿಯ ಒಡತಿಯರು ಬೆಳಗಿನ ತಿಂಡಿ ಆದ ಮೇಲೆ ಎಲ್ಲರನ್ನೂ ಹೊರಗೆ ಹಾಕಿ ಬಾಗಿಲು ಮುಚ್ಚಿಬಿಡುವರು. ಮಳೆ ಬಂದರೂ ಸಂಜೆಯವರೆಗೆ ಒಳಗೆ ಬಿಡುವುದಿಲ್ಲ. ವರ್ಷವೆಲ್ಲ ದುಡಿದ ಮಂದಿ ದಂಡೆಯ ತಗಡಿನ ಸೂರಿನ ಕೆಳಗೆ ತೊಯ್ದು ನಿಂತು, ಎಷ್ಟು ಚೆಂದ ಐತಿ ಸಮುದ್ರ, ಅನ್ನುವರು. ಊಟದ ಮೇಜಿನ ಉಪ್ಪು ಮೆಣಸು ಮುಟ್ಟಿದರೂ ಬೇರೆ ದುಡ್ಡು. ಆ ಒಡತಿಯರ ಮೇಲೆ ನನಗೆ ಭಾಳ ಗೌರವ ಬಂತು ಅಂದರೆ ನೀವು ಬೈಯಬಾರದು.

ಆಮೇಲೆ ಸ್ಪೇನ್ ದೇಶಕ್ಕೆ ಅಗ್ಗದ ವಿಮಾನ ಬಂತು. ಮಿಲ್ಲುಗಳೂ ಒಂದೊಂದಾಗಿ ಮುಚ್ಚಿದವು. ವರ್ಷಕ್ಕೆಷ್ಟು ದಿನವೋ ಅಷ್ಟು ಕೋಣೆ ಇಟ್ಟು ಕಟ್ಟಿಸಿದರು ಅನ್ನುವ ದೊಡ್ಡ ಹೋಟೆಲಿನ ತಲೆಯ ಮೇಲೆ ಈಗ ಸಮುದ್ರದ ಹಕ್ಕಿಗಳು ಗೂಡು ಕಟ್ಟಿ ಕಿರುಚುತ್ತವೆ. ಖಾನಾವಳಿಗಳು ಒಂದೊಂದಾಗಿ ಮುದುಕರ ಮನೆಗಳಾದವು. ಎಳೆಯ ವಯಸ್ಸಿನಲ್ಲಿ ಒಂದು ವಾರ ಇದ್ದು ಹೋಗಲು ಬಂದವರು, ಕೊನೆಯಲ್ಲಿ ಅದೇ ಬೀದಿಗೆ ಬಂದು ಮಲಗಿದ್ದರು. ದಂಡೆಯುದ್ದಕ್ಕೂ ಬೆಂಚುಗಳು, ಬೆಂಚಿಗೊಂದು ಹಿತ್ತಾಳೆಯ ತಗಡು, ತಗಡಿನ ಮೇಲೆ ಸತ್ತವರ ಹೆಸರು, ಅವರಿಗೆ ಈ ಜಾಗ ಇಷ್ಟವಾಗಿತ್ತು ಎಂಬ ಮಾತು. ಮೊದಮೊದಲು ನನಗೆ ಅದರ ಮೇಲೆ ಕೂಡಲು ಮನಸ್ಸೊಪ್ಪಲಿಲ್ಲ.

ಒಂದು ದಿನ ಡೋರತಿಯ ಮಡಿಲಿಗೆ ನಾನು ತಂದಿದ್ದ ಗದ್ವಾಲ ಸೀರೆ ಹಾಕಿದೆ. ಗದ್ವಾಲ ಸೀರೆಯ ಒಡಲು ಹತ್ತಿ, ಅಂಚು ಸೆರಗು ರೇಷ್ಮೆ. ಎರಡನ್ನೂ ಎಳೆಗೆ ಎಳೆ ಸಿಕ್ಕಿಸಿ ಜೋಡಿಸಿರುತ್ತಾರೆ, ನಲವತ್ತು ವರ್ಷ ಸೀರೆ ಉಟ್ಟ ನಮ್ಮ ಹೆಂಗಸರಿಗೂ ಆ ಕೂಡು ಸಿಗುವುದಿಲ್ಲ. ಮುದುಕಿ ಕಣ್ಣು ಮುಚ್ಚಿ ಬೆರಳಾಡಿಸಿದಳು, ಸರಿಯಾಗಿ ಕೂಡಿನ ಮೇಲೆ ಬೆರಳು ನಿಲ್ಲಿಸಿ ಏನೋ ಅಂದಳು. ಶರಣಿ ತಿರುಗಿಸಿ ಹೇಳಿದಳು: “ಇಲ್ಲಿ ಯಾರೋ ಭಾಳ ತಾಳ್ಮಿಯಿಂದ ಕುಂತಾರ ಅಂತಾಳಣ್ಣ.” ನಾನು ಆ ಸೀರೆಯನ್ನು ಅವಳಿಗೇ ಬಿಟ್ಟೆ. ಬೆಲೆ ಹೇಳದೆ ಕೊಟ್ಟ ಸೀರೆ ನನ್ನ ಜೀವಮಾನದಲ್ಲಿ ಅದೊಂದೇ.

ಜುಲೈ ತಿಂಗಳಲ್ಲಿ, ಶರಣಿಯ ಕೆಲಸದ ಮನೆ ಮುಚ್ಚುತ್ತಾರೆ ಎಂಬ ಸುದ್ದಿ ಬಂತು. ಹಳೆಯ ಕಟ್ಟಡ, ರಿಪೇರಿಗೆ ಹಾಕುವಷ್ಟು ಹುಟ್ಟುವಳಿಯಿಲ್ಲ. ಮಾಲೀಕ ಮೆತ್ತನೆಯ ಮಾತಿನ ಮನುಷ್ಯ, ಒಳನಾಡಿನಲ್ಲಿ ಅವನದೇ ಇನ್ನೊಂದು ಮನೆಯಿತ್ತು. ಮುಚ್ಚುವ ಮನೆಯಲ್ಲಿ ಹೊರದೇಶದಿಂದ ಬಂದ ಕೆಲಸದವರು ಎಂಟು ಮಂದಿ ಇದ್ದರು. ಎಲ್ಲರಿಗೂ ಜಾಗವಿಲ್ಲ, ಮೂವರನ್ನು ಒಳನಾಡಿನ ಮನೆಗೆ ತೆಗೆದುಕೊಳ್ಳುತ್ತೇನೆ, ಒಬ್ಬೊಬ್ಬರನ್ನೇ ಕರೆದು ಮಾತಾಡುತ್ತೇನೆ ಅಂದ. ಇವರ ವೀಸಾ ಕೆಲಸಕ್ಕೆ ಕಟ್ಟಿದ್ದು. ಕೆಲಸ ಹೋದರೆ ಸ್ವಲ್ಪ ದಿನದೊಳಗೆ ಪರವಾನಗಿ ಇರುವ ಬೇರೆ ಧಣಿಯನ್ನು ಹುಡುಕಿಕೊಳ್ಳಬೇಕು, ಇಲ್ಲವೇ ದೇಶ ಬಿಡಬೇಕು. ಮೂವರಲ್ಲಿ ಮೊದಲ ಹೆಸರು ಶರಣಿಯದು. ಕೆಲಸ ಅಷ್ಟು ಚೊಕ್ಕ ಅವಳದು.

ಮಾಲೀಕ ಹೇಳಿ ಕಳಿಸಿದ್ದು ಹೀಗೆ: ಕೆಲಸದ ತಾಸು ಕಡಿಮೆ, ಇನ್ನೊಬ್ಬಳ ಜೊತೆ ಒಂದೇ ಕೋಣೆ. ನಾಳೆ ಬಂದು ಒಪ್ಪಿಗೆ ಹೇಳು. ಶರಣಿ ಒಪ್ಪಲು ತಯಾರಿದ್ದಳು. ನಾನು ಸುಮ್ಮನಿದ್ದಿದ್ದರೆ ಮುಗಿಯುತ್ತಿತ್ತು. ಆದರೆ ಯಾರಾದರೂ ಮೊದಲ ಮಾತಿಗೆ ಹ್ಞೂಂ ಅಂದರೆ ನನ್ನ ಮೈಯೆಲ್ಲ ಉರಿಯುತ್ತದೆ.

“ಒಮ್ಮಿಗೇ ಒಪ್ಪಬ್ಯಾಡ,” ಅಂದೆ. “ಅಂವಗ ನೀ ಬೇಕಾಗಿದ್ದಿ, ಅದಕ್ಕ ಮೊದಲ ನಿನ್ನ ಕರದಾನ. ಬೇಕಾದವರು ಎಂದೂ ಮೊದಲ ರೇಟಿಗೆ ನಿಲ್ಲಂಗಿಲ್ಲ.”

“ಇದು ಮಕ್ತಲ್ ಅಲ್ಲಣ್ಣ.”

“ಮನಿಷ್ಯಾರು ಎಲ್ಲಾ ಕಡಿ ಮನಿಷ್ಯಾರ.”

ಗದ್ವಾಲದ ಮಗ್ಗದ ಮನೆಯಿರಲಿ, ನಾರಾಯಣಪೇಟೆಯ ಸಂತೆಯಿರಲಿ, ನಮ್ಮ ವ್ಯಾಪಾರದ ಗುಟ್ಟೆಲ್ಲ ಎದ್ದು ಹೋಗುವುದರಲ್ಲಿದೆ. ಬೇಡ ಅಂದು ಚಪ್ಪಲಿ ಮೆಟ್ಟಬೇಕು. ಹತ್ತು ಹೆಜ್ಜೆ ಇಡಬೇಕು. ಹಿಂದಿರುಗಿ ನೋಡಬಾರದು. ಹನ್ನೊಂದನೆಯ ಹೆಜ್ಜೆಗೆ ಕರೆಯುತ್ತಾರೆ. ಕರೆದವನಿಗೂ ಗೊತ್ತು, ಎದ್ದವನಿಗೂ ಗೊತ್ತು, ಇದು ಹೋಗುವುದಲ್ಲ ಅಂತ. ಹಾಗೆ ಎದ್ದು ಹೋಗಿ ಹೋಗಿಯೇ ನಾನು ಸೈಕಲ್ಲಿನಿಂದ ಅಂಗಡಿಗೆ ಬಂದವನು. ಅವಳ ಸಣ್ಣ ಕೋಣೆಯಲ್ಲಿ ಅದನ್ನು ಹೇಳಿಕೊಟ್ಟೆ. ಮಂಚದ ಮೇಲೆ ಕೂತು ನಾನು ಮಾಲೀಕನಾದೆ. ಅವಳು ಎದುರಿಗೆ ಕೂತು, ಇದು ನನಗೆ ಆಗೋದಿಲ್ಲ, ನಿಮ್ಮ ಉಪಕಾರ ದೊಡ್ಡದು ಎಂದು ಹೇಳಿ, ಎದ್ದು, ನಿಧಾನ ನಡೆದು, ಬಾಗಿಲ ಹಿಡಿಯ ಮೇಲೆ ಕೈಯಿಟ್ಟು ಒಂದು ಉಸಿರು ತಡೆಯಬೇಕು. ಮೂರು ಸಲ ಮಾಡಿಸಿದೆ. ಮೂರನೆಯ ಸಲ ನಾನು ಬೇಕಂತಲೇ ಕರೆಯದೆ ಕೂತೆ. ಅವಳು ಬಾಗಿಲ ಹತ್ತಿರ ನಿಂತು, ಕರೀ ಅಣ್ಣ, ಕಾಲು ನೋಯಾಕತ್ತಾವು ಅಂದಳು. ಇಬ್ಬರೂ ನಕ್ಕೆವು.

ಮರುದಿನ ನಾನು ಆ ಮನೆಯ ಎದುರು, ಯಾರದೋ ಹೆಸರಿನ ಬೆಂಚಿನ ಮೇಲೆ ಕೂತು ಬಾಗಿಲು ನೋಡುತ್ತಿದ್ದೆ. ಹತ್ತು ನಿಮಿಷಕ್ಕೆ ಅವಳು ಹೊರಗೆ ಬಂದಳು. ನಿಧಾನ ಬಾ ಅಂತ ನಾನು ಕೈಸನ್ನೆ ಮಾಡಿದೆ. ನಿಧಾನವಾಗಿಯೇ ಬಂದಳು. ರಸ್ತೆ ದಾಟಿದಳು. ಬೆಂಚಿಗೆ ಬಂದು ಮುಟ್ಟಿದಳು. ಬಾಗಿಲು ಮುಚ್ಚಿದ್ದು ಮುಚ್ಚಿಯೇ ಇತ್ತು. ಇನ್ನ ಸ್ವಲ್ಪ ತಡಿ ಅಂದೆ. ಕೂತೆವು. ಗೋಡೆಗೆ ಬಡಿಯುತ್ತಿದ್ದ ನೀರು ಹಿಂದೆ ಸರಿಯುತ್ತಾ ಹೋಯಿತು, ಮರಳು ಕಾಣಿಸಿತು, ಕತ್ತೆಯವನು ಕತ್ತೆಗಳನ್ನು ತಂದು ನಿಲ್ಲಿಸಿದ. ಯಾರೂ ಕರೆಯಲಿಲ್ಲ.

ಅಂವ ಏನಂದ ಅಂತ ಕೇಳಿದೆ. ಥ್ಯಾಂಕ್ಯೂ ಅಂದನಂತೆ. ನೀನು ನೇರವಾಗಿ ಹೇಳಿದ್ದು ಒಳ್ಳೆಯದಾಯಿತು ಅಂದನಂತೆ. ತಾನೇ ಎದ್ದು ಬಂದು, ಬಾಗಿಲ ಹಿಡಿಯ ಮೇಲಿದ್ದ ಇವಳ ಕೈ ಕಂಡು, ಮರ್ಯಾದೆಯಿಂದ ಬಾಗಿಲು ತೆರೆದು ಹಿಡಿದನಂತೆ.

ಮಾರನೆಯ ದಿನ ಕಾಗದವೂ ಬಂತು, ನಿಮ್ಮ ನಿರ್ಧಾರವನ್ನು ಗೌರವಿಸುತ್ತೇವೆ ಅಂತ. ನಾನು ಶರಣಿಯನ್ನು ಕರೆದುಕೊಂಡು ಓಡಿದೆ. ಅದೇ ತಾಸು, ಅದೇ ಕೋಣೆ, ಬೇಕಾದರೆ ಇನ್ನೂ ಕಡಿಮೆ ಮಾಡಿರಿ ಅಂತ ಹೇಳಿಸಿದೆ. ನಾನು ಯಾರ ಮುಂದೆಯೂ ಹಾಗೆ ಇಳಿದವನಲ್ಲ. ಮಾಲೀಕನ ಮುಖದಲ್ಲಿ ಸಿಟ್ಟಿದ್ದರೆ ಅದನ್ನು ಹಿಡಿದು ಮಾತು ಬೆಳೆಸುತ್ತಿದ್ದೆ. ಸಿಟ್ಟಿರಲಿಲ್ಲ, ಅಚ್ಚರಿಯಿತ್ತು. ಇವರು ಬೇಡ ಅಂದರಲ್ಲ, ಹಾಗಾಗಿ ನಿನ್ನೆ ಸಂಜೆಯೇ ಆ ಜಾಗವನ್ನು ಇನ್ನೊಬ್ಬಳಿಗೆ ಕೊಟ್ಟೆ, ಅವಳು ಸಹಿ ಹಾಕಿದ್ದಾಳೆ ಅಂದ. ನಿಜವಾಗಿ ನೊಂದುಕೊಂಡೇ ಅಂದ. ಕೊಟ್ಟ ಮಾತನ್ನು ಹಿಂದೆ ತೆಗೆದುಕೊಳ್ಳಲು ಅವನಿಗೆ ಬರುತ್ತಿರಲಿಲ್ಲ, ಬೇರೆಯವರೂ ಹಾಗೆ ಮಾಡಬಹುದು ಎಂಬುದು ಅವನಿಗೆ ಹೊಳೆದಿರಲೇ ಇಲ್ಲ.

ಆಮೇಲಿನ ದಿನಗಳನ್ನು ಬರೆಯುವುದು ಏನಿದೆ. ಶರಣಿ ಎಲ್ಲ ಕಡೆ ಅರ್ಜಿ ಹಾಕಿದಳು. ಪರವಾನಗಿ ಇದ್ದವರಲ್ಲಿ ಕೆಲಸವಿರಲಿಲ್ಲ, ಕೆಲಸವಿದ್ದವರಲ್ಲಿ ಪರವಾನಗಿ ಇರಲಿಲ್ಲ. ಡೋರತಿಯನ್ನು ಒಂದು ವ್ಯಾನು ಬಂದು ಎಲ್ಲಿಗೋ ಒಯ್ದಿತು. ಕತ್ತೆಗಳು ಹೋದವು, ಐಸ್‌ಕ್ರೀಮಿನವರು ಕಿಟಕಿಗೆ ಹಲಗೆ ಬಡಿದರು. ಮಳೆಯಲ್ಲಿ ನಾವಿಬ್ಬರೂ ಆ ತಗಡಿನ ಸೂರಿನ ಕೆಳಗೆ ನಿಲ್ಲುತ್ತಿದ್ದೆವು. ಅವಳು ನನ್ನ ಮೇಲೆ ಒಂದು ದಿನವೂ ರೇಗಲಿಲ್ಲ. ನಾನು ಅದನ್ನು ತಾಳ್ಮೆ ಅಂದುಕೊಂಡಿದ್ದೆ. ಅವಳು ಒಳಗೇ ಅಂಗಡಿ ಮುಚ್ಚುತ್ತಿದ್ದಳು.

ಸೆಪ್ಟೆಂಬರಿನಲ್ಲಿ ಮಕ್ತಲ್‌ಗೆ ಬಂದೆವು. ರಾಯಚೂರಿಗೆ ಹೋಗು, ಹಳೆಯ ದವಾಖಾನೆಯವರು ತೆಗೆದುಕೊಳ್ಳುತ್ತಾರೆ ಅಂದೆ. ನೋಡೋಣ ಅಂದಳು, ಹೋಗಲಿಲ್ಲ. ಆಗಲೇ ನನ್ನ ಮಗಳನ್ನು ನೋಡಲು ಬಂದ ಬೀಗರು, ನಿಮ್ಮ ತಂಗಿ ಗಂಡನ ಮನೆ ಬಿಟ್ಟು ಇಲ್ಲೇ ಇರುತ್ತಾರೇನು ಎಂದು ಪಡಸಾಲೆಯಲ್ಲಿ ಕೂತು ಕೇಳಿದರು. ಅಡಿಗೆಮನೆಯಲ್ಲಿ ಶರಣಿ ಚಹಾ ಸೋಸುತ್ತಿದ್ದಳು. ನಾನು ಏನೋ ಹೇಳಿ ಮಾತು ತೇಲಿಸಿದೆ. ಅವರು ಹೋದ ಮೇಲೆ ಅವಳೇ ಬಂದು ಹೇಳಿದಳು, ನಾರಾಯಣಪೇಟೆಯವರು ಎರಡು ಸಲ ಹೇಳಿ ಕಳಿಸ್ಯಾರಂತಲ್ಲ, ಹೋಗಾಕ ನಾ ರಾಜಿ ಅಂತ.

ನಾರಾಯಣಪೇಟೆಯ ಬಸ್ಸಿನಲ್ಲಿ ದಾರಿಯುದ್ದಕ್ಕೂ ನಾನು ಮನಸ್ಸಿನಲ್ಲೇ ಕರಾರು ಜೋಡಿಸಿದೆ. ಊರಿನ ದವಾಖಾನೆಯಲ್ಲಾದರೂ ಕೆಲಸ ಮಾಡಬೇಕು, ತಿಂಗಳಿಗೊಮ್ಮೆ ತವರಿಗೆ ಬರಬೇಕು. ಇವಳಿಗೆ ಹೇಳಲು ಬಾಯಿ ತೆಗೆದೆ. ಅವಳು ಕಿಟಕಿಯ ಕಡೆಗೆ ಮುಖ ಮಾಡಿಕೊಂಡೇ ಅಂದಳು: “ಅಣ್ಣಾ, ಈ ಸಲ ನೀ ಮಾತಾಡಬ್ಯಾಡ.”

ಅವಳ ಮಾವ ಕುರ್ಚಿಯ ಮೇಲೆ, ಅತ್ತೆ ಕೆಳಗೆ ಚಾಪೆಯ ಮೇಲೆ, ಗಂಡ ಹೊಸ್ತಿಲ ಹತ್ತಿರ ಫೋನು ನೋಡುತ್ತಾ ಕೂತಿದ್ದರು. ಅತ್ತೆ ಶುರುಮಾಡಿದಳು. ಕೆಲಸಕ್ಕೆ ಹೋಗೋದು ಇಲ್ಲ. ಶರಣಿ ಆಗ್ಲಿರಿ ಅಂದಳು. ತವರಿಗೆ ವರ್ಷಕ್ಕೊಮ್ಮೆ, ಪಂಚಮಿಗೆ ಅಷ್ಟೆ. ಆಗ್ಲಿರಿ. ಮಾವ ನನ್ನ ಮುಖ ನೋಡಿದರು. ನಾನು ಚಾಪೆ ನೋಡುತ್ತಿದ್ದೆ. ಆ ದೇಶದ ಮಾತು ಈ ಮನೆಯಲ್ಲಿ ಎತ್ತಬಾರದು. ಆಗ್ಲಿರಿ.

ನಾನು ನಲವತ್ತು ವರ್ಷ ಎದುರಿನವರ ಕಣ್ಣು ಓದಿ ಬದುಕಿದವನು. ಅವರು ಹತ್ತು ಕೇಳಿ ನಾಲ್ಕಕ್ಕೆ ಇಳಿಯಲು ಕೂತಿದ್ದ ಮಂದಿ. ನಾನು ಒಂದು ಸಲ ಇಲ್ಲ ಅಂದಿದ್ದರೆ ಕೆಲಸದ ಮಾತು ಬಿಡುತ್ತಿದ್ದರು. ಇಲ್ಲ ಅನ್ನಲಿ ಅಂತ ಕಾಯುತ್ತಲೂ ಇದ್ದರು.

“ಏನ್ರೀ ಸಾಹುಕಾರ್ರ,” ಮಾವ ಕೊನೆಗೆ ಕೇಳಿಯೇಬಿಟ್ಟರು, “ನೀವು ಏನೂ ಅನ್ನಂಗಿಲ್ಲೇನು?”

ನಾನು ಕೈ ಮುಗಿದೆ. ಕೇಳಿದ್ದೆಲ್ಲ ಸಿಕ್ಕಿದ್ದಕ್ಕೆ ಆ ಮನೆಯಲ್ಲಿ ಯಾರ ಮುಖದಲ್ಲೂ ಸಂತೋಷವಿರಲಿಲ್ಲ. ಇನ್ನೇನು ಕೇಳಬೇಕೆಂದು ತಿಳಿಯದೆ ಅತ್ತೆ, ರೊಟ್ಟಿ ಆಗ್ಯಾವು, ಉಂಡು ಹೋಗ್ರಿ ಅಂದಳು. ಅದಕ್ಕೂ ಶರಣಿಯೇ ಉತ್ತರ ಕೊಟ್ಟಳು.

“ಬ್ಯಾಡ್ರಿ. ಅಣ್ಣಗ ಬಸ್ಸಿನ ಹೊತ್ತಾಗೇತಿ.”